ಕಿವಿ ಸೋರಿದರೆ ಕಾಯಬೇಡಿ, ಟಾನ್ಸಿಲ್ ದಪ್ಪಗಿದೆಯೆಂದು ಅವಸರಪಡಬೇಡಿ

ಕಿವಿ ಸೋರುವುದನ್ನು ನಮ್ಮ ಭಾಗದ ಎಷ್ಟೋ ಮನೆಗಳು ಕಾಯಿಲೆಯೆಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾನಗಲ್ಲಿನ ಗದ್ದೆಬಯಲಿನಿಂದ ಹಿರೇಕೆರೂರಿನ ಗೋವಿನಜೋಳದ ಹೊಲಗಳವರೆಗೆ, ಶಿಗ್ಗಾವಿಯ ಹೆದ್ದಾರಿ ಬದಿಯ ಊರುಗಳಿಂದ ಸವಣೂರಿನ ಎಲೆಬಳ್ಳಿ ತೋಟಗಳವರೆಗೆ ಕೇಳಿಬರುವ ಮಾತು ಒಂದೇ: “ಸಣ್ಣಾಂವ ಇದ್ದಾಗಿಂದ ಸೋರತೈತ್ರಿ, ದೊಡ್ಡಾಂವ ಆದ ಮ್ಯಾಲ ತಾನಾ ನಿಂದರತೈತಿ.” ಹುಡುಗ ದೊಡ್ಡವನಾಗುತ್ತಾನೆ, ಸೋರುವುದು ನಿಲ್ಲುವುದಿಲ್ಲ. ಅಷ್ಟರಲ್ಲಿ ಶಾಲೆಯಲ್ಲಿ ದಡ್ಡನೆಂಬ ಹೆಸರು ಬಂದಿರುತ್ತದೆ, ಕಿವಿ ಅರ್ಧ ಮಂದವಾಗಿರುತ್ತದೆ.

ಇದೇ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಆತುರವೂ ಇದೆ. ಮಗುವಿನ ಟಾನ್ಸಿಲ್ ದಪ್ಪಗಿದೆ ಎಂದು ಯಾರಾದರೂ ಹೇಳಿದರೆ ಸಾಕು, ತೆಗೆಸಿಯೇಬಿಡೋಣ ಎಂಬ ಧಾವಂತ ಶುರುವಾಗುತ್ತದೆ. ತಲೆನೋವಿಗೆಂದು ಸ್ಕ್ಯಾನ್ ಮಾಡಿಸಿದಾಗ ಮೂಗಿನ ಎಲುಬು ಡೊಂಕಿದೆ ಎಂದು ಬರೆದು ಬಂದರೆ, ಸಾಲ ಮಾಡಿಯಾದರೂ ಆಪರೇಷನ್ ಮಾಡಿಸುವವರಿದ್ದಾರೆ. ಆಗಲೇಬೇಕಾದ ಶಸ್ತ್ರಚಿಕಿತ್ಸೆ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ, ಬೇಡದ್ದು ವಾರದೊಳಗೆ ಮುಗಿಯುತ್ತದೆ. ಎರಡರಿಂದಲೂ ಬಡವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದನ್ನು ಗ್ರಂಥಿಯ ಗಾತ್ರವಾಗಲಿ ಸ್ಕ್ಯಾನಿನ ಚಿತ್ರವಾಗಲಿ ಒಂಟಿಯಾಗಿ ತೀರ್ಮಾನಿಸಲಾರವು. ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಹಾಗೇ ಬಿಟ್ಟರೆ ಜೀವಕ್ಕೋ ಪಕ್ಕದ ಅಂಗಕ್ಕೋ ಅಪಾಯವಿದೆಯೇ? ಕೇಳುವ, ಉಸಿರಾಡುವ, ನುಂಗುವ, ಮಾತಾಡುವ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗಿದೆಯೇ? ಔಷಧವನ್ನು ಸರಿಯಾದ ಕ್ರಮದಲ್ಲಿ, ಸಾಕಷ್ಟು ದಿನ ಕೊಟ್ಟು ನೋಡಿದ್ದಾಗಿದೆಯೇ? ಮೊದಲ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ತಡಮಾಡಬಾರದು. ಉಳಿದೆರಡಕ್ಕೂ ಹೌದಾದರೆ ಶಸ್ತ್ರಚಿಕಿತ್ಸೆಯ ಮಾತು ಎತ್ತಬಹುದು. ಅಪಾಯವೂ ಇಲ್ಲ, ಅಡ್ಡಿಯೂ ಇಲ್ಲ ಎಂದಾದರೆ ಕಾದು ನೋಡುವುದೇ ಸರಿಯಾದ ಚಿಕಿತ್ಸೆ.

ಸೋರುವ ಕಿವಿಯಲ್ಲಿ ಎರಡು ಬಗೆ

ಕಿವಿಯ ಹೊರಗೊಳವೆ ಮುಗಿಯುವಲ್ಲಿ ಕಿವಿತಮಟೆ ಇದೆ. ಅದರ ದಪ್ಪ ಸುಮಾರು 0.1 ಮಿಲಿಮೀಟರ್. ಅದರ ಹಿಂದಿನ ಪುಟ್ಟ ಕೋಣೆಯೇ ನಡುಗಿವಿ. ಅಲ್ಲಿ ಒಂದಕ್ಕೊಂದು ಕೊಂಡಿಯಾಗಿರುವ ಮೂರು ಮೂಳೆಗಳು ಸದ್ದಿನ ಕಂಪನವನ್ನು ಒಳಗಿವಿಗೆ ಮುಟ್ಟಿಸುತ್ತವೆ. ಮೂರನೆಯದಾದ ರಿಕಾಪಿನ ಆಕಾರದ ಮೂಳೆ ಮೂರು ಮಿಲಿಮೀಟರಿನಷ್ಟು ಎತ್ತರದ್ದು, ದೇಹದ ಮೂಳೆಗಳಲ್ಲೆಲ್ಲ ಚಿಕ್ಕದು. ಈ ಕೋಣೆಯಿಂದ ಮೂಗಿನ ಹಿಂಭಾಗಕ್ಕೆ ಸಣ್ಣದೊಂದು ನಾಳವಿದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡಲಾಗಿಯೇ ಇರುತ್ತದೆ. ನೆಗಡಿಯ ಸೋಂಕು ಕಿವಿಗೆ ಏರುವುದು ಇದೇ ದಾರಿಯಲ್ಲಿ. ಒಳಗೆ ಕೀವು ತುಂಬಿ ಒತ್ತಡ ಹೆಚ್ಚಿದಾಗ ತಮಟೆ ಒಡೆಯುತ್ತದೆ. ರಾತ್ರಿಯಿಡೀ ಚೀರಿ ಅತ್ತ ಕೂಸು ಬೆಳಿಗ್ಗೆ ಕಿವಿ ಸೋರಿದೊಡನೆ ಸುಮ್ಮನಾಗುವುದು ಅದಕ್ಕೇ. ಸಕಾಲಕ್ಕೆ ಚಿಕಿತ್ಸೆ ಸಿಕ್ಕರೆ ಆ ತೂತು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ. ಸೋಂಕು ಮೇಲಿಂದ ಮೇಲೆ ಬಂದರೆ ಮಾತ್ರ ತೂತು ಕಾಯಮ್ಮಾಗಿ ಉಳಿಯುತ್ತದೆ.

ವರ್ಷಗಟ್ಟಲೆ ಸೋರುವ ಕಿವಿಗಳಲ್ಲಿ ಎರಡು ಬಗೆಯಿವೆ. ಇವುಗಳ ವ್ಯತ್ಯಾಸ ಪ್ರತಿ ತಾಯಿಗೂ, ಪ್ರತಿ ಆಶಾ ಕಾರ್ಯಕರ್ತೆಗೂ ತಿಳಿದಿರಬೇಕು. ಮೊದಲ ಬಗೆಯಲ್ಲಿ ತೂತು ತಮಟೆಯ ನಡುಭಾಗದಲ್ಲಿರುತ್ತದೆ. ಸೋರುವುದು ಲೋಳೆಯಂತೆ, ಧಾರಾಳವಾಗಿ ಇರುತ್ತದೆ; ವಾಸನೆ ಅಷ್ಟಾಗಿ ಇರುವುದಿಲ್ಲ. ನೆಗಡಿಯಾದಾಗ, ಸ್ನಾನದ ನೀರು ಹೊಕ್ಕಾಗ, ವರದಾ ನದಿಯಲ್ಲೋ ಕೆರೆಯಲ್ಲೋ ಈಸಿ ಬಂದಾಗ ಶುರುವಾಗಿ, ಔಷಧದ ಹನಿಗೆ ನಿಲ್ಲುತ್ತದೆ. ಇದು ಜೀವಕ್ಕೆ ಕುತ್ತು ತರುವುದು ಅಪರೂಪ. ಆದರೆ ಕೇಳುವ ಶಕ್ತಿಯನ್ನು 30-40 ಡೆಸಿಬಲ್‌ವರೆಗೂ ಕುಗ್ಗಿಸಬಲ್ಲದು. ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿಗೆ ಗುರುಗಳ ಪಾಠ ಕೇಳದೇ ಹೋಗಲು ಅಷ್ಟು ಸಾಕು.

ಇಂಥ ಕಿವಿಗೆ ಮಾಡುವ ಶಸ್ತ್ರಚಿಕಿತ್ಸೆಯ ಹೆಸರು ಟಿಂಪನೋಪ್ಲಾಸ್ಟಿ. ಕಿವಿಯ ಮೇಲ್ಭಾಗದಲ್ಲಿ, ಕಪಾಲದ ಸ್ನಾಯುವನ್ನು ಹೊದ್ದಿರುವ ತೆಳುಪೊರೆಯ ಚೂರೊಂದನ್ನು ತೆಗೆದು ತೂತಿಗೆ ತೇಪೆ ಹಾಕುತ್ತಾರೆ. ಸೂಕ್ಷ್ಮದರ್ಶಕ ಅಥವಾ ಎಂಡೋಸ್ಕೋಪಿನ ಮೂಲಕ ನಡೆಯುವ ಕೆಲಸವಿದು. ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ 1950ರ ದಶಕದಲ್ಲಿ ಇದಕ್ಕೆ ಕ್ರಮ ಹಾಕಿಕೊಟ್ಟರು. ಈಗ ಇದು ಜಿಲ್ಲಾಮಟ್ಟದಲ್ಲೂ ಆಗಬಲ್ಲ ಶಸ್ತ್ರಚಿಕಿತ್ಸೆ. ಅನುಭವಿ ಕೈಗಳಲ್ಲಿ ಹತ್ತರಲ್ಲಿ ಎಂಟೊಂಬತ್ತು ಕಿವಿಗಳ ತೂತು ಕೂಡಿಕೊಳ್ಳುತ್ತದೆ. ಮೊದಲು ಕಿವಿಯನ್ನು ಒಣಗಿಸಬೇಕು, ಕೇಳುವ ಪರೀಕ್ಷೆ ಮಾಡಿಸಬೇಕು. ಆಮೇಲೆ ಕೆಲವು ವಾರ ಕಿವಿಗೆ ನೀರು ತಾಗಿಸಬಾರದು, ಜೋರಾಗಿ ಮೂಗು ಸೀನಬಾರದು. ಈ ಶಸ್ತ್ರಚಿಕಿತ್ಸೆಯಲ್ಲಿ ತುರ್ತು ಇಲ್ಲ. ಮುಂಗಾರಿನ ಬಿತ್ತನೆ ಮುಗಿಸಿಕೊಂಡು, ಶಾಲೆಯ ರಜೆ ನೋಡಿಕೊಂಡು ಮಾಡಿಸಬಹುದು. ಅಲ್ಲಿಯತನಕ ಸ್ನಾನದ ಹೊತ್ತಿಗೆ ವ್ಯಾಸಲೀನ್ ಸವರಿದ ಹತ್ತಿಯಿಂದ ಕಿವಿ ಮುಚ್ಚಿಕೊಂಡರೆ ಸಾಕು.

ಎರಡನೆಯ ಬಗೆ ಹಾಗಲ್ಲ. ಅದರಲ್ಲಿ ಸೋರುವುದು ಸ್ವಲ್ಪವೇ, ಆದರೆ ದುರ್ವಾಸನೆ ಪಕ್ಕದಲ್ಲಿ ಕುಳಿತವರಿಗೂ ತಿಳಿಯುವಷ್ಟು. ಒಮ್ಮೊಮ್ಮೆ ರಕ್ತವೂ ಬೆರೆತಿರುತ್ತದೆ. ಹನಿ ಹಾಕಿದರೂ ಪೂರ್ತಿ ನಿಲ್ಲುವುದಿಲ್ಲ. ಇಲ್ಲಿ ತಮಟೆಯ ಅಂಚು ಒಳಕ್ಕೆ ಸೆಳೆದುಕೊಂಡು, ಹೊರಚರ್ಮ ನಡುಗಿವಿಯೊಳಗೆ ಬೆಳೆಯತೊಡಗುತ್ತದೆ. ವೈದ್ಯರು ಇದನ್ನು ಕೊಲೆಸ್ಟಿಯಟೋಮ ಎನ್ನುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಆದರೆ ಗೆದ್ದಲು ತೊಲೆ ತಿಂದಂತೆ ಸದ್ದಿಲ್ಲದೆ ಎಲುಬು ತಿನ್ನುತ್ತ ಹೋಗುತ್ತದೆ. ಮೊದಲು ಕೇಳಿಸುವ ಮೂಳೆಗಳು, ಆಮೇಲೆ ಮುಖದ ನರದ ಹೊದಿಕೆ, ಕೊನೆಗೆ ಮೆದುಳಿಗೂ ಕಿವಿಗೂ ನಡುವಿನ ತೆಳುಗೋಡೆ. ಬಹುಕಾಲ ನೋವೇ ಇರುವುದಿಲ್ಲವಾದ್ದರಿಂದ ಯಾರೂ ಗಮನ ಕೊಡುವುದಿಲ್ಲ.

ಇದಕ್ಕೆ ಮಾತ್ರೆ, ಹನಿಗಳಿಂದ ಗುಣವಿಲ್ಲ, ಶಸ್ತ್ರಚಿಕಿತ್ಸೆಯೊಂದೇ ದಾರಿ. ಕಿವಿಯ ಹಿಂದಿನ ಎಲುಬನ್ನು ಕೊರೆದು ರೋಗವನ್ನು ಬುಡಸಮೇತ ತೆಗೆಯುವ ಈ ಮ್ಯಾಸ್ಟಾಯ್ಡೆಕ್ಟಮಿಯ ಮೊದಲ ಉದ್ದೇಶ ಕಿವಿಯನ್ನು ಅಪಾಯದಿಂದ ಪಾರುಮಾಡುವುದು. ಕೇಳುವ ಶಕ್ತಿಯನ್ನು ಸುಧಾರಿಸುವುದು ಆಮೇಲಿನ ಮಾತು. ಮತ್ತೆ ಬೆಳೆಯುವ ಸ್ವಭಾವದ ರೋಗವಾದ್ದರಿಂದ ವರ್ಷಗಳ ಕಾಲ ತಪಾಸಣೆಗೆ ಹೋಗುತ್ತಿರಬೇಕು. ಸೋರುವ ಕಿವಿಯ ಜೊತೆಗೆ ವಿಪರೀತ ತಲೆನೋವು, ಜ್ವರ, ವಾಂತಿ, ತಲೆತಿರುಗು, ಬಾಯಿ ಸೊಟ್ಟಗಾಗುವುದು ಅಥವಾ ಕಿವಿಯ ಹಿಂದೆ ಬಾವು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ದೊಡ್ಡಾಸ್ಪತ್ರೆಗೆ ಹೊರಡಬೇಕು. ಮೆದುಳುಪೊರೆಯ ಉರಿಯೂತ, ಮೆದುಳಿನೊಳಗೆ ಕೀವು ತುಂಬುವುದು ಇಂಥ ಕಿವಿಗಳಿಂದ ಇಂದಿಗೂ ಆಗುತ್ತಿದೆ.

ಕರೆದರೆ ತಿರುಗದ ಮಗು

ಕಿವಿ ಸೋರದೆಯೂ ಕೇಳಿಸದಿರಬಹುದು. ನೆಗಡಿಯ ನಂತರ ನಡುಗಿವಿಯಲ್ಲಿ ಅಂಟಾದ ದ್ರವ ನಿಂತುಬಿಟ್ಟರೆ ನೋವಿಲ್ಲ, ಜ್ವರವಿಲ್ಲ, ಮಗು ಟಿವಿಯ ಹತ್ತಿರಕ್ಕೆ ಸರಿಯುತ್ತದೆ, ಕರೆದರೆ ಓಗೊಡುವುದಿಲ್ಲ, “ಆಂ?” ಎಂದು ಮತ್ತೆ ಮತ್ತೆ ಕೇಳುತ್ತದೆ. ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ಇದು ತಾನೇ ಇಂಗುತ್ತದೆ. ಹಾಗಾಗದೆ ಎರಡೂ ಕಿವಿ ಮಂದವಾಗಿಯೇ ಉಳಿದರೆ ತಮಟೆಯಲ್ಲಿ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ. ಅದು ಹಲವು ತಿಂಗಳು ಗಾಳಿಯಾಡಿಸಿ ತಾನೇ ಉದುರುತ್ತದೆ. ಮೂಗಿನ ಹಿಂದಿನ ಅಡೆನಾಯ್ಡ್ ಗ್ರಂಥಿ ಬೆಳೆದು ನಾಳವನ್ನು ಮುಚ್ಚಿದ್ದರೆ ಅದನ್ನೂ ತೆಗೆಯಬೇಕಾಗಬಹುದು.

ಹುಟ್ಟುಗಿವುಡಿನ ವಿಷಯದಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಹುಟ್ಟಿದ 1 ತಿಂಗಳೊಳಗೆ ಪರೀಕ್ಷೆ, 3 ತಿಂಗಳೊಳಗೆ ಖಚಿತ ನಿರ್ಣಯ, 6 ತಿಂಗಳೊಳಗೆ ಶ್ರವಣಸಾಧನ ಮತ್ತು ತರಬೇತಿ: ವೈದ್ಯಲೋಕ ಒಪ್ಪಿರುವ ಗಡುವು ಇದು. ತೀವ್ರ ಕಿವುಡಿದ್ದು ಶ್ರವಣಸಾಧನದಿಂದ ಪ್ರಯೋಜನವಾಗದಿದ್ದರೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಮೊದಲ ಒಂದೆರಡು ವರ್ಷಗಳಲ್ಲೇ ಆದರೆ ಮಾತು ಚೆನ್ನಾಗಿ ಬರುತ್ತದೆ. ಐದಾರು ವರ್ಷ ದಾಟಿದ ಮೇಲೆ ಮಾತು ಕಲಿಯುವ ಮೆದುಳಿನ ಶಕ್ತಿ ಕುಗ್ಗಿರುವುದರಿಂದ ಫಲ ಬಹಳ ಕಡಿಮೆ. ಲಕ್ಷಗಟ್ಟಲೆ ಬೆಲೆಯ ಈ ಸಾಧನಕ್ಕೆ ಸರ್ಕಾರಿ ಯೋಜನೆಗಳ ನೆರವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವುದು ಇಂಥವನ್ನು ಬೇಗ ಗುರುತಿಸುವುದಕ್ಕೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸಕ್ಕೆ ನಿಂತಿದೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ವಂಶದಲ್ಲಿ ಬರುವ ಕಿವುಡನ್ನು ಹೆಚ್ಚಿಸುತ್ತದೆ. ಮನೆತನದಲ್ಲಿ ಕಿವುಡು-ಮೂಗರಿದ್ದರೆ ನಂಟಿನೊಳಗೆ ನೆಂಟಸ್ತನ ಬೆಳೆಸುವ ಮುನ್ನ ಯೋಚಿಸಲೇಬೇಕು.

ವಯಸ್ಕರಿಗೆ ಹೇಳಬೇಕಾದ ಒಂದು ತುರ್ತು ಮಾತಿದೆ. ಬೆಳಿಗ್ಗೆ ಏಳುವಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಂತಾದರೆ ಗುಗ್ಗೆ ಕಟ್ಟಿದೆಯೆಂದು ವಾರ ಕಾಯಬಾರದು. ಅದು ನರದ ತೊಂದರೆಯಾಗಿದ್ದರೆ ಎರಡು-ಮೂರು ದಿನಗಳಲ್ಲೇ ಸ್ಟೆರಾಯ್ಡ್ ಚಿಕಿತ್ಸೆ ಶುರುವಾಗಬೇಕು. ಕಳೆದುಹೋದ ವಾರಗಳನ್ನು ಆಮೇಲೆ ಯಾವ ಶಸ್ತ್ರಚಿಕಿತ್ಸೆಯೂ ಮರಳಿಸುವುದಿಲ್ಲ.

ಕಿವಿಗೆ ಏನು ಹಾಕಬಾರದು

ಕಾಯಿಸಿದ ಬೆಳ್ಳುಳ್ಳಿ ಎಣ್ಣೆ, ಎಲೆಯ ರಸ, ಎದೆಹಾಲು: ನೊಂದ ಕಿವಿಗೆ ನಮ್ಮ ಮನೆಗಳಲ್ಲಿ ಸುರಿಯದ ದ್ರವವಿಲ್ಲ. ತಮಟೆ ತೂತಾಗಿದ್ದರೆ ಇವೆಲ್ಲ ನೇರ ನಡುಗಿವಿಗೆ ಇಳಿದು ಸೋಂಕನ್ನು ಹೆಚ್ಚಿಸುತ್ತವೆ. ಗುಗ್ಗೆಯು ಕಿವಿಯ ರಕ್ಷಣೆಗೆಂದೇ ಇರುವುದು. ಅದು ತಾನಾಗಿ ಹೊರಗೆ ಸರಿಯುತ್ತದೆ. ಬೆಂಕಿಕಡ್ಡಿ, ಪಿನ್ನು, ಬೈಕಿನ ಚಾವಿಯಿಂದ ಕೆರೆದರೆ ಒಳಕ್ಕೆ ಒತ್ತಿ ಗಟ್ಟಿಯಾಗುತ್ತದೆ, ಗಾಯವಾಗುತ್ತದೆ. ಮಳೆಗಾಲದಲ್ಲಿ ಹಾನಗಲ್ಲಿನಂಥ ತೇವದ ಸೀಮೆಯಲ್ಲಿ ಕೆರೆದ ಕಿವಿಗೆ ಬೂಷ್ಟು ಹಿಡಿಯುವುದು ಬಹಳ ಸಾಮಾನ್ಯ. ತಡೆಯಲಾರದ ತುರಿಕೆ, ಕರಿಚುಕ್ಕೆಯ ಬಿಳಿಪದರ ಅದರ ಗುರುತು. ಅದಕ್ಕೆ ಬೇಕಾದದ್ದು ವೈದ್ಯರಿಂದ ಶುಚಿ ಮಾಡಿಸಿಕೊಂಡು ಹಾಕುವ ಬೂಷ್ಟುನಾಶಕ ಹನಿ, ಶಸ್ತ್ರಚಿಕಿತ್ಸೆಯಲ್ಲ.

ಹೊಲದಲ್ಲಿ ಮಲಗಿದಾಗ ಕಿವಿಗೆ ಹುಳ ಹೊಕ್ಕರೆ, ಕಿವಿ ಮೊದಲಿನಿಂದ ಸೋರುವಂಥದ್ದಲ್ಲದಿದ್ದರೆ, ನಾಲ್ಕು ಹನಿ ಉಗುರುಬೆಚ್ಚನೆಯ ಕೊಬ್ಬರಿ ಎಣ್ಣೆ ಹಾಕಿ ಹುಳವನ್ನು ಸಾಯಿಸಿ ಆಸ್ಪತ್ರೆಗೆ ಹೋಗಬೇಕು. ಮಗು ಕಡಲೆಯನ್ನೋ ಗೋವಿನಜೋಳದ ಕಾಳನ್ನೋ ತುರುಕಿಕೊಂಡಿದ್ದರೆ ನೀರು ಹಾಕಲೇಬಾರದು. ಕಾಳು ಉಬ್ಬಿ ಕೂತುಬಿಡುತ್ತದೆ. ಆಟಿಕೆಯ ಗುಂಡಿ ಬ್ಯಾಟರಿ ಕಿವಿ ಅಥವಾ ಮೂಗಿಗೆ ಹೋದರೆ ಕೆಲವೇ ಗಂಟೆಗಳಲ್ಲಿ ಒಳಗನ್ನು ಸುಡುತ್ತದೆ, ರಾತ್ರಿಯಾದರೂ ಓಡಬೇಕು. ಮಗುವಿನ ಒಂದೇ ಹೊಳ್ಳೆಯಿಂದ ಗಬ್ಬುನಾತದ ಸಿಂಬಳ ಸುರಿಯುತ್ತಿದ್ದರೆ ಅಲ್ಲಿ ಏನೋ ಸಿಕ್ಕಿಕೊಂಡಿದೆ ಎಂದೇ ಮೊದಲು ಶಂಕಿಸಬೇಕು.

ಕಟ್ಟಿದ ಮೂಗಿಗೆ ಕತ್ತರಿಯೇ ಮದ್ದಲ್ಲ

ಗೋವಿನಜೋಳದ ರಾಶಿ, ಮೆಣಸಿನಕಾಯಿ ಒಣಗಿಸುವ ಕಣ, ಹತ್ತಿಯ ಧೂಳು: ಹಾವೇರಿ ಜಿಲ್ಲೆಯ ಸುಗ್ಗಿಯೆಂದರೆ ಸೀನಿನ ಕಾಲವೂ ಹೌದು. ಬೆಳಿಗ್ಗೆ ಎದ್ದೊಡನೆ ಸಾಲುಸಾಲು ಸೀನು, ನೀರಿನಂತೆ ಸುರಿಯುವ ಮೂಗು, ಕಣ್ಣುತುರಿಕೆ ಇದ್ದರೆ ಅದು ಅಲರ್ಜಿ. ಅಲರ್ಜಿಯನ್ನು ಯಾವ ಶಸ್ತ್ರಚಿಕಿತ್ಸೆಯೂ ಗುಣಪಡಿಸದು. ಕಣದಲ್ಲಿ ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳುವುದು, ಉಪ್ಪುನೀರಿನಿಂದ ಮೂಗು ತೊಳೆಯುವುದು, ವೈದ್ಯರು ಬರೆದುಕೊಟ್ಟ ಸ್ಟೆರಾಯ್ಡ್ ಸ್ಪ್ರೇಯನ್ನು ವಾರಗಳ ಕಾಲ ತಪ್ಪದೆ ಬಳಸುವುದು, ಇವೇ ಚಿಕಿತ್ಸೆ. ಸ್ಪ್ರೇಯ ತುದಿ ಮೂಗಿನ ನಡುಗೋಡೆಯತ್ತ ಅಲ್ಲ, ಕಣ್ಣಿನ ಹೊರತುದಿಯತ್ತ ಮುಖ ಮಾಡಿರಬೇಕು. ಇದು ಚಟ ಹಿಡಿಸುವುದಿಲ್ಲ. ಔಷಧದಂಗಡಿಯಲ್ಲಿ ಕೇಳಿ ತರುವ, ಮೂಗನ್ನು ಕ್ಷಣದಲ್ಲಿ ತೆರೆಯುವ ಹನಿ ಮಾತ್ರ ಬೇರೆ. ಅದನ್ನು ಐದಾರು ದಿನ ಮೀರಿ ಬಳಸಿದರೆ ಅದೇ ಮೂಗು ಕಟ್ಟಿಸುತ್ತದೆ.

ಮೂಗಿನ ನಡುಗೋಡೆ ಬಹುತೇಕ ಎಲ್ಲರಲ್ಲೂ ಅಷ್ಟಿಷ್ಟು ಡೊಂಕಾಗಿಯೇ ಇರುತ್ತದೆ. ಆ ಡೊಂಕಿನಿಂದಲೇ ಉಸಿರು ಕಟ್ಟುತ್ತಿದ್ದರೆ, ಪದೇಪದೇ ಸೈನಸ್ ಸೋಂಕಾಗುತ್ತಿದ್ದರೆ, ಔಷಧದಿಂದ ಅನುಕೂಲವಾಗದಿದ್ದರೆ ಮಾತ್ರ ಅದನ್ನು ನೇರ ಮಾಡಿಸಬೇಕು. ‘ಸೈನಸ್ ತಲೆನೋವು’ ಎಂದು ಬರುವವರಲ್ಲಿ ಬಹಳಷ್ಟು ಜನರಿಗೆ ಇರುವುದು ಮೈಗ್ರೇನ್. ಅವರ ಮೂಗಿಗೆ ಶಸ್ತ್ರಚಿಕಿತ್ಸೆ ಮಾಡಿದರೂ ತಲೆನೋವು ಹೋಗುವುದಿಲ್ಲ. ನಿಜವಾದ ಸೈನಸ್ ಸೋಂಕಿನಲ್ಲಿ ಮೂಗು ಕಟ್ಟುತ್ತದೆ, ಬಣ್ಣದ ಸಿಂಬಳ ಬರುತ್ತದೆ, ವಾಸನೆ ತಿಳಿಯುವುದು ಕಡಿಮೆಯಾಗುತ್ತದೆ. 12 ವಾರ ಮೀರಿದರೆ ಅದು ದೀರ್ಘಕಾಲದ್ದು. ಪೂರ್ತಿ ಚಿಕಿತ್ಸೆ ಕೊಟ್ಟ ಮೇಲೂ ಉಳಿದರೆ ಸಿಟಿ ಸ್ಕ್ಯಾನ್ ಮಾಡಿಸಿ, ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆಯನ್ನು ಯೋಚಿಸುತ್ತಾರೆ. ಮುಖದ ಮೇಲೆ ಗಾಯವಿಲ್ಲದೆ, ಹೊಳ್ಳೆಯ ಮೂಲಕವೇ ಮುಚ್ಚಿದ ದಾರಿಯನ್ನು ತೆರೆಯುವ ವಿಧಾನವಿದು. ಜನ ದುರ್ಮಾಂಸ ಎನ್ನುವ ಪಾಲಿಪ್ ತೆಗೆದ ಮೇಲೆ ಮತ್ತೆ ಬೆಳೆಯಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯ ನಂತರವೂ ಸ್ಪ್ರೇ ಬಿಡುವಂತಿಲ್ಲ.

ಮೂಗಿನಲ್ಲೂ ತುರ್ತು ಸಂದರ್ಭಗಳಿವೆ. ದೀಪಾವಳಿಯ ನಂತರ ಹಾನಗಲ್, ಹಿರೇಕೆರೂರು ಕಡೆ ಹೋರಿ ಬೆದರಿಸುವ ಹಬ್ಬದಲ್ಲಿ ಮುಖಕ್ಕೆ ಪೆಟ್ಟು ತಿಂದವರಿಗೆ ಎಲುಬು ಸರಿಸಿ ಕೂರಿಸಲು ವಾರ, ಹೆಚ್ಚೆಂದರೆ ಎರಡು ವಾರ ಅವಕಾಶವಿದೆ. ಆದರೆ ಪೆಟ್ಟಿನ ನಂತರ ಎರಡೂ ಹೊಳ್ಳೆಯೊಳಗೆ ಮೆತ್ತನೆಯ ಕೆಂಪು ಊತ ಬಂದು ಮೂಗು ಪೂರ್ತಿ ಕಟ್ಟಿದರೆ, ನಡುಗೋಡೆಯಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರ್ಥ. ಅದನ್ನು ದಿನದೊಳಗೆ ತೆಗೆಸದಿದ್ದರೆ ಮೃದ್ವಸ್ಥಿ ಕೊಳೆತು ಮೂಗು ಕುಸಿಯುತ್ತದೆ. ಇನ್ನೊಂದು, 2021ರಲ್ಲಿ ಕೋವಿಡ್ ಜೊತೆಗೆ ಹೆದರಿಸಿದ ಕಪ್ಪು ಶಿಲೀಂಧ್ರ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಮುಖದ ಒಂದು ಬದಿ ನೋವು, ಕಣ್ಣಿನ ಊತ, ಮೂಗಿನಲ್ಲಿ ಕಪ್ಪು ಹೆಕ್ಕಳೆ ಕಂಡರೆ ಅಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ದಿನ ತಡವಾದರೂ ಕಣ್ಣೋ ಜೀವವೋ ಹೋದೀತು.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಎತ್ತಬಾರದು, ಮಲಗಿಸಬಾರದು. ಕುಳಿತು ಮುಂದಕ್ಕೆ ಬಾಗಿ, ಮೂಗಿನ ಮೆತ್ತನೆಯ ಭಾಗವನ್ನು 10-15 ನಿಮಿಷ ಬಿಡದೆ ಒತ್ತಿ ಹಿಡಿದರೆ ಬಹುಪಾಲು ನಿಲ್ಲುತ್ತದೆ. ನಿಲ್ಲದಿದ್ದರೆ ಆಸ್ಪತ್ರೆ, ವಯಸ್ಸಾದವರಾದರೆ ಬಿಪಿಯನ್ನೂ ನೋಡಿಸಬೇಕು.

ಟಾನ್ಸಿಲ್: ಎಣಿಸಿ ನೋಡಿ, ಅಳತೆ ನೋಡಿ ಅಲ್ಲ

1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ 11 ವರ್ಷದ 1000 ಶಾಲಾಮಕ್ಕಳನ್ನು ಪರೀಕ್ಷಿಸಿದರು. 611 ಮಕ್ಕಳ ಟಾನ್ಸಿಲ್ ಆಗಲೇ ತೆಗೆದಾಗಿತ್ತು. ಉಳಿದವರನ್ನು ವೈದ್ಯರಿಗೆ ತೋರಿಸಿದರೆ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಶಸ್ತ್ರಚಿಕಿತ್ಸೆ ಬೇಕೆಂದರು. ಬೇಡವೆನಿಸಿಕೊಂಡವರನ್ನು ಬೇರೆ ವೈದ್ಯರಿಗೆ ತೋರಿಸಿದರು. ಅವರೂ ಅರ್ಧದಷ್ಟನ್ನು ಆರಿಸಿದರು. ಮೂರನೆಯ ಸಲವೂ ಹಾಗೇ ಆಯಿತು. ಕೊನೆಗೆ ಯಾರೂ ಕೈಯಿಡದೆ ಉಳಿದ ಮಕ್ಕಳು 65. ಗಟ್ಟಿಯಾದ ಅಳತೆಗೋಲಿಲ್ಲದೆ ಬರಿಗಣ್ಣಿನಿಂದ ನೋಡಿ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಅಮೆರಿಕದ ಮಕ್ಕಳ ವೈದ್ಯ ಜ್ಯಾಕ್ ಪ್ಯಾರಡೈಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಅಂಥದೊಂದು ಅಳತೆಗೋಲನ್ನು ಕೊಟ್ಟಿತು. ಜ್ವರ, ಕೀವು, ಕತ್ತಿನ ಗಂಟು ಇಂಥವುಗಳಲ್ಲಿ ಒಂದಾದರೂ ಇರುವ ಗಂಟಲ ಬೇನೆ ಒಂದು ವರ್ಷದಲ್ಲಿ 7 ಸಲ, ಅಥವಾ ಸತತ ಎರಡು ವರ್ಷ ತಲಾ 5 ಸಲ, ಅಥವಾ ಸತತ ಮೂರು ವರ್ಷ ತಲಾ 3 ಸಲ ಬಂದಿದ್ದರೆ ಟಾನ್ಸಿಲ್ ತೆಗೆಯುವುದರಿಂದ ಲಾಭವಿದೆ. ಇದಕ್ಕಿಂತ ಕಡಿಮೆಯಿದ್ದರೆ ಕಾಯಬಹುದು, ಏಕೆಂದರೆ ಬೆಳೆದಂತೆ ಮಕ್ಕಳ ಗಂಟಲ ಬೇನೆ ತಾನೇ ಕಡಿಮೆಯಾಗುತ್ತದೆ. ಆದ್ದರಿಂದ ತಾಯಂದಿರು ಮಾಡಬೇಕಾದ ಮೊದಲ ಕೆಲಸ, ಪ್ರತಿ ಸಲ ಬೇನೆ ಬಂದಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಆ ಹಾಳೆಯನ್ನು ವೈದ್ಯರ ಮುಂದಿಟ್ಟರೆ ಅರ್ಧ ತೀರ್ಮಾನ ಅಲ್ಲೇ ಆಗುತ್ತದೆ.

ಲೆಕ್ಕ ನೋಡದೆ ಶಸ್ತ್ರಚಿಕಿತ್ಸೆಯನ್ನು ಯೋಚಿಸಬೇಕಾದ ಸಂದರ್ಭಗಳೂ ಇವೆ. ಮಗು ದಿನವೂ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ನಿಂತು ಬೆಚ್ಚಿಬಿದ್ದು ಹೊರಳುತ್ತಿದ್ದರೆ, ಬಾಯಿ ತೆರೆದೇ ಮಲಗುತ್ತಿದ್ದರೆ, ಹಾಸಿಗೆ ಒದ್ದೆ ಮಾಡುತ್ತಿದ್ದರೆ, ಹಗಲಲ್ಲಿ ಮಂಕಾಗಿದ್ದರೆ ಟಾನ್ಸಿಲ್, ಅಡೆನಾಯ್ಡ್ ಎರಡೂ ಉಸಿರಿಗೆ ಅಡ್ಡ ನಿಂತಿರಬಹುದು. ಇಂಥ ಮಕ್ಕಳಿಗೆ ಶಸ್ತ್ರಚಿಕಿತ್ಸೆಯಿಂದ ನಿದ್ದೆ, ಬೆಳವಣಿಗೆ, ಓದು ಎಲ್ಲವೂ ಸುಧಾರಿಸುತ್ತವೆ. ಒಂದೇ ಬದಿಯ ಟಾನ್ಸಿಲ್ ಬೆಳೆಯುತ್ತಿದ್ದರೆ, ಅದರಲ್ಲೂ ವಯಸ್ಕರಲ್ಲಿ, ಕ್ಯಾನ್ಸರಿನ ಸಂಶಯ ಪರಿಹರಿಸಲೇಬೇಕು.

ಟಾನ್ಸಿಲ್ ತೆಗೆಸಿದರೆ ದನಿ ಕೆಡುತ್ತದೆ ಎಂಬ ಭಯ ನಮ್ಮಲ್ಲಿ ಹಳೆಯದು. ಹಾನಗಲ್ಲಿನ ಹೆಸರನ್ನು ದೇಶದುದ್ದಕ್ಕೂ ಒಯ್ದ ಗಾಯಕಿ ಗಂಗೂಬಾಯಿ ಹಾನಗಲ್ಲರ ಬದುಕು ಅದಕ್ಕೆ ಉದಾಹರಣೆಯಾಗಿ ಬರುತ್ತದೆ. ‘ಗಾಂಧಾರಿ ಹುಬ್ಬಳ್ಳಿ’ ಎಂಬ ಹೆಸರಿನಲ್ಲಿ ಬಂದ ಅವರ ಆರಂಭದ ಗ್ರಾಮಫೋನ್ ಮುದ್ರಿಕೆಗಳಲ್ಲಿ ಇರುವುದು ತೆಳುವಾದ, ಎತ್ತರದ ದನಿ. ಗಂಟಲಿಗೆ ಆದ ಚಿಕಿತ್ಸೆಯ ನಂತರ ಅದು ಗಡುಸಾಯಿತು. ಆ ಗಡಸು ದನಿಯನ್ನೇ ಅವರು ಕಿರಾನಾ ಘರಾನೆಯ ಹೆಮ್ಮೆಯಾಗಿ ಬೆಳೆಸಿ, 2002ರಲ್ಲಿ ಪದ್ಮವಿಭೂಷಣದವರೆಗೆ ಏರಿದರು. ಆ ಕಾಲದ ಗಂಟಲ ಚಿಕಿತ್ಸೆಗಳಿಗೂ ಇಂದಿನವಕ್ಕೂ ಹೋಲಿಕೆಯಿಲ್ಲ. ಟಾನ್ಸಿಲ್ ಇರುವುದು ಬಾಯಿಯ ಹಿಂಭಾಗದಲ್ಲಿ. ದನಿ ಹುಟ್ಟುವ ಧ್ವನಿತಂತುಗಳು ಅಲ್ಲಿಂದ ಬಹಳ ಕೆಳಗೆ, ಧ್ವನಿಪೆಟ್ಟಿಗೆಯಲ್ಲಿವೆ. ಈಗಿನ ಶಸ್ತ್ರಚಿಕಿತ್ಸೆ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ರೋಗನಿರೋಧಕ ಶಕ್ತಿ ಹೋಗುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಆ ಕೆಲಸ ಮಾಡುವ ಗ್ರಂಥಿಗಳು ದೇಹದಲ್ಲಿ ಬೇಕಾದಷ್ಟಿವೆ. ನಿಜವಾಗಿ ಎಚ್ಚರವಿರಬೇಕಾದದ್ದು ರಕ್ತಸ್ರಾವದ ಬಗ್ಗೆ. ಮೊದಲ 24 ಗಂಟೆಯಲ್ಲಿ, ಇಲ್ಲವೇ 5ರಿಂದ 10ನೇ ದಿನದ ನಡುವೆ ಗಂಟಲಿನಿಂದ ರಕ್ತ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಆ ಹತ್ತು ದಿನ ದೂರದ ಊರಿನ ಜಾತ್ರೆ, ಮದುವೆ ಬೇಡ.

ಶೇಂಗಾ ಬೀಜ ಮತ್ತು ಪುಟ್ಟ ಉಸಿರುನಾಳ

ಶೇಂಗಾ ಬೆಳೆಯುವ ಸೀಮೆಯ ಪ್ರತಿ ಮನೆಗೂ ಈ ಎಚ್ಚರಿಕೆ ತಲುಪಬೇಕು. ನಾಲ್ಕು ವರ್ಷದೊಳಗಿನ ಮಗುವಿಗೆ ಇಡೀ ಶೇಂಗಾ ಬೀಜ, ಹುರಿಗಡಲೆ ಕೊಡಬಾರದು. ದವಡೆಹಲ್ಲು ಪೂರ್ತಿ ಬಂದಿರುವುದಿಲ್ಲ; ನಗುತ್ತಲೋ ಓಡುತ್ತಲೋ ತಿಂದಾಗ ಬೀಜ ಉಸಿರುನಾಳಕ್ಕೆ ಜಾರುತ್ತದೆ. ಒಮ್ಮೆಲೇ ಕೆಮ್ಮು, ಉಸಿರುಗಟ್ಟುವಿಕೆ. ಆಮೇಲೆ ಎಲ್ಲ ಸರಿಹೋದಂತೆ ಕಾಣುತ್ತದೆ. ಬೀಜ ಆಗ ಶ್ವಾಸಕೋಶದ ಕವಲಿನಲ್ಲಿ ಕೂತಿರುತ್ತದೆ. ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ. ವಾರಗಟ್ಟಲೆ ಕೆಮ್ಮು, ನ್ಯುಮೋನಿಯಾ ಎಂದು ಚಿಕಿತ್ಸೆ ನಡೆದು ಮಗು ಬಸವಳಿಯುತ್ತದೆ. ತಿನ್ನುವಾಗ ಕೆಮ್ಮು ಶುರುವಾಯಿತು ಎಂಬ ಒಂದು ಮಾತನ್ನು ಮನೆಯವರು ಮರೆಯದೆ ಹೇಳಿದರೆ, ವೈದ್ಯರು ಬ್ರಾಂಕೋಸ್ಕೋಪಿನಿಂದ ಬೀಜವನ್ನು ತೆಗೆಯಬಲ್ಲರು.

ಒಡೆದ ದನಿ ಮೂರು ವಾರ ಮೀರಿದರೆ

ಶಾಲೆಯ ಮೇಷ್ಟ್ರು, ಸಂತೆಯಲ್ಲಿ ಕೂಗುವ ವ್ಯಾಪಾರಿ, ರಾತ್ರಿಯಿಡೀ ಬಯಲಾಟದಲ್ಲಿ ಹಾಡುವ ಕಲಾವಿದ, ಭಜನಾ ಮೇಳದವರು: ಇವರ ದನಿ ಒಡೆಯಲು ಬಹುತೇಕ ಕಾರಣ ಧ್ವನಿತಂತುಗಳ ಮೇಲೆ ಮೂಡುವ ಪುಟ್ಟ ಗಂಟುಗಳು. ದನಿಗೆ ವಿಶ್ರಾಂತಿ, ನೀರು ಕುಡಿಯುವುದು, ಧ್ವನಿ ತರಬೇತಿ ಇವುಗಳಿಂದಲೇ ಹೆಚ್ಚಿನವು ಕರಗುತ್ತವೆ. ಕೂಗುವ ರೀತಿ ಬದಲಾಗದಿದ್ದರೆ ಶಸ್ತ್ರಚಿಕಿತ್ಸೆಯ ನಂತರವೂ ಗಂಟು ಮರಳುತ್ತದೆ. ಧ್ವನಿತಂತುವಿನ ಪಾಲಿಪ್‌ಗೆ ಮಾತ್ರ ಸಾಮಾನ್ಯವಾಗಿ ಸೂಕ್ಷ್ಮ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಆದರೆ ತಂಬಾಕು ತಿನ್ನುವವರ, ಬೀಡಿ ಸೇದುವವರ ದನಿ ಮೂರು ವಾರ ಮೀರಿ ಒಡೆದೇ ಇದ್ದರೆ ಧ್ವನಿಪೆಟ್ಟಿಗೆಯನ್ನು ದುರ್ಬೀನಿನಲ್ಲಿ ನೋಡಿಸಲೇಬೇಕು. ಮೂರು ವಾರದಲ್ಲಿ ಮಾಯದ ಬಾಯಿಹುಣ್ಣು, ಕತ್ತಿನಲ್ಲಿ ಉಳಿದುಬಿಟ್ಟ ಗಂಟು, ನುಂಗಲು ತ್ರಾಸ, ಬಾಯಿಯಲ್ಲಿ ಮೂರು ಬೆರಳು ನಿಲ್ಲದಷ್ಟು ಬಿಗಿತ ಇವಕ್ಕೂ ಇದೇ ಮಾತು. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲೇ ದನಿ ಬದಲಿಸಿ ತನ್ನ ಸುಳಿವು ಕೊಡುತ್ತದೆ. ಆಗಲೇ ಹಿಡಿದರೆ ವಿಕಿರಣ ಅಥವಾ ಲೇಸರ್‌ನಿಂದ ದನಿ ಉಳಿಸಿಯೇ ಗುಣಪಡಿಸಬಹುದು. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆದು, ಕತ್ತಿನ ರಂಧ್ರದಿಂದ ಉಸಿರಾಡುವ ಬದುಕು. ಅಂಥವರಿಗೂ ಮತ್ತೆ ಮಾತು ಕೊಡಲು ಬೆಂಗಳೂರಿನ ಶಸ್ತ್ರವೈದ್ಯ ಡಾ. ವಿಶಾಲ್ ರಾವ್ ಅಗ್ಗದ ಧ್ವನಿಸಾಧನವೊಂದನ್ನು ರೂಪಿಸಿದ್ದಾರೆ. ಆದರೆ ಆ ಹಂತಕ್ಕೆ ಹೋಗದಿರುವುದೇ ಲೇಸು.

ಕರ್ನಾಟಕದಲ್ಲಿ 2013ರ ಮೇ ತಿಂಗಳಿನಿಂದ ಗುಟ್ಕಾ ನಿಷೇಧವಿದೆ. ಆದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅದೇ ಅಂಗಡಿಯಲ್ಲಿ ತೂಗಾಡುತ್ತಿವೆ. ಅಡಿಕೆ ತಾನೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಹೇಳಿದೆ. ತಂಬಾಕು ಕೂಡಿದರೆ ಅಪಾಯ ಹಲವು ಪಟ್ಟು. ಹದಿನೈದು-ಹದಿನಾರರ ಹುಡುಗರ ದವಡೆಯಲ್ಲಿ ಈ ಚೀಟಿ ಕಾಣುವುದು ನಮ್ಮ ಊರುಗಳು ನಾಚಬೇಕಾದ ಸಂಗತಿ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಹಾನಗಲ್, ಹಿರೇಕೆರೂರು, ಶಿಗ್ಗಾವಿ, ಸವಣೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಹಾವೇರಿಯಲ್ಲಿ ಈಗ ಜಿಲ್ಲಾ ಆಸ್ಪತ್ರೆಯ ಜೊತೆಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ. ಶಿಗ್ಗಾವಿ, ಸವಣೂರಿನವರಿಗೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಅಂದರೆ ಜನರ ಬಾಯಲ್ಲಿನ ಕಿಮ್ಸ್, ಹತ್ತಿರ. ಹಿರೇಕೆರೂರಿನವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೂ ಹೋಗಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇ 30ರಷ್ಟು, ಗರಿಷ್ಠ 1.5 ಲಕ್ಷ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ಶಿಫಾರಸು ಪತ್ರ ಪಡೆದು ಮುಂದೆ ಹೋಗಬೇಕು. ತುರ್ತಿದ್ದರೆ ಪತ್ರಕ್ಕಾಗಿ ಕಾಯಬೇಕಿಲ್ಲ. ಈ ಕ್ರಮ ತಿಳಿಯದೆ ನೇರ ಖಾಸಗಿಗೆ ಹೋಗಿ, ಎತ್ತು ಮಾರಿ ಬಿಲ್ ಕಟ್ಟುವವರಿದ್ದಾರೆ.

ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಮೊದಲು ವೈದ್ಯರನ್ನು ಕೇಳಿ: “ಸಾಹೇಬ್ರ, ಮಾಡಿಸಲಿಲ್ಲಂದ್ರ ಏನಾಗತೈತ್ರಿ? ಔಷಧದಾಗ ಇನ್ನೂ ದಾರಿ ಐತೇನ್ರಿ? ಎಷ್ಟು ಗುಣ ಕಾಣತೈತಿ, ತ್ರಾಸೇನು ಆಗಬಹುದು? ಆಮ್ಯಾಲೆ ಎಷ್ಟು ದಿನ ಔಷಧ, ಎಷ್ಟು ಸಲ ಬರಬೇಕ್ರಿ?” ಹೀಗೆ ಕೇಳುವುದು ಉದ್ಧಟತನವಲ್ಲ, ರೋಗಿಯ ಹಕ್ಕು. ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಸಂಶಯ ಉಳಿದರೆ ಇನ್ನೊಬ್ಬ ಕಿವಿ-ಮೂಗು-ಗಂಟಲು ತಜ್ಞರ ಅಭಿಪ್ರಾಯ ಪಡೆಯಬಹುದು. ಕೊಳೆತ ವಾಸನೆಯ ಕಿವಿ, ಉಸಿರುನಾಳದ ಬೀಜ, ಕಪ್ಪು ಶಿಲೀಂಧ್ರಗಳಲ್ಲಿ ಮಾತ್ರ ಎರಡನೆಯ ಅಭಿಪ್ರಾಯಕ್ಕೆಂದು ಹೊತ್ತು ಕಳೆಯಬಾರದು.

ಮಕ್ಕಳ ಕಿವುಡಿನಲ್ಲಿ ಸುಮಾರು ಶೇ 60ರಷ್ಟು ತಡೆಯಬಹುದಾದ ಕಾರಣಗಳಿಂದ ಬರುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ತಡೆಯುವ ಕೆಲಸ ಆಪರೇಷನ್ ಥಿಯೇಟರಿಗಿಂತ ಬಹಳ ಮೊದಲೇ ಶುರುವಾಗುತ್ತದೆ. ಕೂಸಿನ ತಲೆ ಎತ್ತರಿಸಿ ಹಾಲೂಡಿಸುವುದು, ಲಸಿಕೆ ತಪ್ಪಿಸದಿರುವುದು, ನೆಗಡಿ-ಕಿವಿನೋವಿಗೆ ಬೇಗ ತೋರಿಸುವುದು ಮನೆಯವರ ಕೆಲಸ. ಶಾಲೆ ಶುರುವಾಗುವ ಜೂನ್ ತಿಂಗಳಲ್ಲಿ ತರಗತಿಯ ಪ್ರತಿ ಮಗುವಿನ ಕಿವಿಯನ್ನು ಒಮ್ಮೆ ನೋಡಿಸುವುದು ಶಿಕ್ಷಕರು, ಪಂಚಾಯಿತಿ ಮತ್ತು ಆರೋಗ್ಯ ಇಲಾಖೆ ಕೂಡಿ ಮಾಡಬಹುದಾದದ್ದು. ಈ ವರ್ಷ ನಿಮ್ಮೂರಿನ ಶಾಲೆಯಲ್ಲಿ ಸೋರುವ ಕಿವಿಯ ಮಕ್ಕಳೆಷ್ಟು ಎಂದು ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ನಿಂತು ಕೇಳಿದರೆ, ಆ ಮಕ್ಕಳ ಚಿಕಿತ್ಸೆ ಅಲ್ಲಿಂದಲೇ ಶುರುವಾಗುತ್ತದೆ.